ಮಂಡಿಗೊಂದು ಮರ್ಯಾದೆ

ಮೂಳೆ ಮುರಿದುಕೊಂಡವರಿಗೆ ನಮ್ಮ ಸಮಾಜದಲ್ಲಿ ಒಂದು ಸ್ಥಾನಮಾನವಿದೆ. ಬಿಳಿ ಪ್ಲಾಸ್ಟರು ಹಾಕಿಸಿಕೊಂಡು, ಕಾಲನ್ನು ದಿಂಬಿನ ಮೇಲೇರಿಸಿ ಕೂತರೆ ಸಾಕು. ಮೋಸಂಬಿ, ಎಳನೀರು, ಹಾರ್ಲಿಕ್ಸು ತಾವಾಗಿಯೇ ಮನೆಗೆ ನಡೆದು ಬರುತ್ತವೆ. ಲಿಗಮೆಂಟು ಹರಿದುಕೊಂಡವರ ಪಾಡು ಹಾಗಲ್ಲ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನೋಡಲು ಬಂದವರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, “ಏನೂ ಆಗೇ ಇಲ್ವಲ್ಲ!” ಎನ್ನುತ್ತಾರೆ. ದನಿಯಲ್ಲಿ ಸಂತೋಷಕ್ಕಿಂತ ನಿರಾಸೆಯೇ ಜಾಸ್ತಿ. ತಂದ ಮೋಸಂಬಿಯನ್ನು ವಾಪಸು ಒಯ್ಯುವುದು ಹೇಗೆಂದು ಅವರು ಲೆಕ್ಕ ಹಾಕುತ್ತಿರುತ್ತಾರೆಂದು ನನ್ನ ಗುಮಾನಿ.

ನನ್ನ ಗಾಯದ ಕಾರಣವೂ ನಾಲ್ಕು ಜನರೆದುರು ಹೇಳಿಕೊಳ್ಳುವಂಥದ್ದಲ್ಲ. ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯ ಕೊತ್ತಂಬರಿ ಕಟ್ಟಿಗೆ ಹಸುವೊಂದು ಬಾಯಿ ಹಾಕಿತು, ಗಾಡಿಯವನು ಗದರಿದ, ಅದು ಗಕ್ಕನೆ ತಿರುಗಿತು, ತಿರುಗಿದ ಕಡೆ ನಾನಿದ್ದೆ. ನೆಲಕ್ಕೆ ಊರಿದ್ದ ಎಡಗಾಲಿನ ಮಂಡಿಯ ಹೊರಬದಿಗೆ ಅದರ ಮೈ ಬಡಿಯಿತು. ಒಳಬದಿಯಲ್ಲಿ ಏನೋ ಚಟಕ್ ಎಂದಿತು. ಮಂಡಿ ಊದಿದ ರೀತಿ ನೋಡಿ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇರಿಸಿಕೊಂಡರು.

ಡಾಕ್ಟರು ಹುಡುಗಪ್ರಾಯದವರು, ವಿವರಿಸುವ ಉತ್ಸಾಹ ಇನ್ನೂ ಬತ್ತಿರಲಿಲ್ಲ. ತೊಡೆಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಇನ್ನೊಂದರಲ್ಲಿ ಕಾಲನ್ನು ಪಕ್ಕಕ್ಕೆ ವಾಲಿಸಿ ನೋಡಿದರು, ಎಂಆರ್‌ಐ ಮಾಡಿಸಿದರು, ಆಮೇಲೆ ಕಾಗದದ ಮೇಲೆ ಚಿತ್ರ ಬರೆದರು. ಮಂಡಿಯಲ್ಲಿ ಮುಖ್ಯವಾದ ಲಿಗಮೆಂಟು ನಾಲ್ಕು. ಎರಡು ಕೀಲಿನ ಒಳಗೆ ಒಂದನ್ನೊಂದು ಅಡ್ಡ ಹಾಯುತ್ತವೆ, ಎರಡು ಆಚೀಚೆ ಕಾವಲಿರುತ್ತವೆ. ಹೊರಗಿನಿಂದ ಗುದ್ದು ಬಿದ್ದರೆ ಹರಿಯುವುದು ಒಳಪಕ್ಕದ್ದು. ನನ್ನದು ಗ್ರೇಡ್ ಎರಡು, ಅಂದರೆ ಅರ್ಧಂಬರ್ಧ. ಒಳಗಿನ ಅಡ್ಡ ಲಿಗಮೆಂಟು ಪೂರ್ತಿ ಹರಿದರೆ ತಾನಾಗಿ ಕೂಡಿಕೊಳ್ಳುವುದು ಕಷ್ಟ, ಆಪರೇಷನ್ನಿನ ಮಾತು ಬರುತ್ತದೆ. ಒಳಪಕ್ಕದ್ದಕ್ಕೆ ರಕ್ತ ಚೆನ್ನಾಗಿ ಹರಿಯುವುದರಿಂದ ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ, ಅಲ್ಲಿಯವರೆಗೆ ಕಾಲು ಪಕ್ಕಕ್ಕೆ ವಾಲದಂತೆ ನೋಡಿಕೊಳ್ಳಬೇಕು. “ಫುಟ್‌ಬಾಲ್ ಆಡೋರಿಗೆ ತುಂಬಾ ಆಗೋ ಗಾಯ ಮೇಡಂ ಇದು” ಎಂದರು.

ಐವತ್ತು ದಾಟಿದ, ಬ್ಯಾಂಕಿನ ಕ್ಯಾಷ್ ಕೌಂಟರಿನ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಔಷಧಿ ಏನಿದೆ? ಮನೆಗೆ ಬಂದವಳೇ ಆ ವಾಕ್ಯವನ್ನು ಚಾಚೂ ತಪ್ಪದೆ ಒಪ್ಪಿಸಿದೆ. ನಮ್ಮವರು ಪೇಪರಿನಿಂದ ತಲೆಯೆತ್ತದೆ, “ಹಸು ವಿಷಯ ಹೇಳಿದ್ಯಾ ಅವರಿಗೆ?” ಎಂದರು.

ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಮಾನ್ಯತೆ ಪಡೆದಿದ್ದ ಮಂಡಿ ಅತ್ತೆಯವರದು ಮಾತ್ರ. ಮಳೆ ಬರುವುದು ಅದಕ್ಕೆ ಮೊದಲೇ ತಿಳಿಯುತ್ತದೆ. ಯಾರ ಮನೆ ಗೃಹಪ್ರವೇಶಕ್ಕೆ ಹೋಗಬೇಕು, ಯಾರದಕ್ಕೆ ಬೇಡ ಎಂದು ತೀರ್ಮಾನಿಸುವುದೂ ಅದೇ. ಅಂಥ ಮಂಡಿಯ ಆಳ್ವಿಕೆಯಲ್ಲಿ ಸೊಸೆಯ ಮಂಡಿಯೂ ತಲೆಯೆತ್ತಿದ್ದು ಅವರಿಗೆ ಸರಿಬರಲಿಲ್ಲ. “ನೋವು ಅಂದ್ರೆ ಅದಲ್ಲಮ್ಮ. ನನಗೆ ಮೂಳೆ ಮೂಳೆ ಉಜ್ಜುತ್ತೆ” ಎಂದರು. ಆದರೂ ಕರುಳು ದೊಡ್ಡದು. ಬೀರುವಿನಿಂದ ತಮ್ಮ ಹಳೆಯ ನೀ ಕ್ಯಾಪ್ ತೆಗೆದು, ಕೊಡವಿ, “ಇದನ್ನೇ ಏರಿಸ್ಕೋ, ದುಡ್ಡು ಯಾಕೆ ದಂಡ” ಎಂದು ಕೊಟ್ಟರು. ಎಲಾಸ್ಟಿಕ್ ಎಷ್ಟು ಸಡಿಲವಾಗಿತ್ತೆಂದರೆ ಅದು ಮಂಡಿಯಿಂದ ಹೊರಟು ಪಾದ ಸೇರಲು ಅಡುಗೆಮನೆಯಿಂದ ಹಜಾರದಷ್ಟು ದೂರ ಸಾಕಾಗುತ್ತಿತ್ತು.

ಸಲಹೆಗಳಿಗೇನೂ ಕೊರತೆಯಾಗಲಿಲ್ಲ. ಓರಗಿತ್ತಿ ಫೋನಿನಲ್ಲಿ ಪುತ್ತೂರು ಕಟ್ಟು ಹಾಕಿಸು ಎಂದಳು. ಮೂಳೆ ಮುರಿದಿಲ್ಲ ಎಂದರೆ, “ಮುರಿಯದೇ ಇದ್ರೆ ಇನ್ನೂ ಬೇಗ ಕೂಡುತ್ತೆ” ಎಂದು ವಾದಿಸಿದಳು. ಹಿಂದಿನ ಬೀದಿಯ ಅಜ್ಜಿಯದು ಇನ್ನೂ ಅಗ್ಗದ ಚಿಕಿತ್ಸೆ: ಕಾಲು ಮುಂದಾಗಿ ಹುಟ್ಟಿದವರ ಕೈಲಿ, ಅಂದರೆ ಕಾಲಲ್ಲಿ, ಮೂರು ಸಲ ಒದೆಸಿಕೊಂಡರೆ ಉಳುಕು ಬಿಟ್ಟುಹೋಗುತ್ತದಂತೆ. ಹಸು ಹೇಗೆ ಹುಟ್ಟಿತ್ತೋ ಗೊತ್ತಿಲ್ಲವಾದ್ದರಿಂದ ನಾನು ಒಪ್ಪಲಿಲ್ಲ.

ಡಾಕ್ಟರ ಚೀಟಿಯಲ್ಲಿ ‘ಹಿಂಜ್ಡ್ ನೀ ಬ್ರೇಸ್’ ಎಂದಿತ್ತು. ಚೀಟಿ ಹಿಡಿದು ಆಟೋದಲ್ಲಿ ಧನ್ವಂತ್ರಿ ರಸ್ತೆಗೆ ಹೋದೆವು. ಮೈಸೂರಿನವರಿಗೆ ಗೊತ್ತು, ಕೆ.ಆರ್. ಆಸ್ಪತ್ರೆಯ ಹತ್ತಿರದ ಆ ರಸ್ತೆಯಲ್ಲಿ ಔಷಧಿ ಅಂಗಡಿಗಳ ಸಾಲು. ನಾವು ಹೊಕ್ಕ ಸರ್ಜಿಕಲ್ ಅಂಗಡಿಯಲ್ಲಿ ಚಾವಣಿಯಿಂದ ವಾಕರುಗಳು ತೂಗುತ್ತಿದ್ದವು, ಮೂಲೆಯಲ್ಲಿ ಗಾಲಿಕುರ್ಚಿಯ ಮೇಲೆ ಮಾಲೀಕರ ಮೊಮ್ಮಗ ಕೂತು ಹೋಂವರ್ಕ್ ಬರೆಯುತ್ತಿದ್ದ. ಗಾಜಿನ ಕಪಾಟಿನಲ್ಲಿ ದೇಹವಿಲ್ಲದ ಪ್ಲಾಸ್ಟಿಕ್ ಕಾಲುಗಳು ಬ್ರೇಸು ತೊಟ್ಟು ನಿಂತಿದ್ದವು. ಒಂದಕ್ಕೂ ಹೊಟ್ಟೆ ಇರಲಿಲ್ಲ, ಸೀರೆಯೂ ಇರಲಿಲ್ಲ, ಹಾಗಾಗಿ ಬ್ರೇಸು ಅವಕ್ಕೆ ಬಹಳ ಚೆನ್ನಾಗಿ ಒಪ್ಪಿತ್ತು.

“ಎಷ್ಟರಲ್ಲಿ ತೋರಿಸ್ಲಿ?” ಎಂದರು ಮಾಲೀಕರು. ರೇಷ್ಮೆ ಅಂಗಡಿಯಲ್ಲಿ ಈ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿದೆ, ಇಲ್ಲಿರಲಿಲ್ಲ. ಮುನ್ನೂರು ರೂಪಾಯಿಗೆ ಅತ್ತೆಯವರ ನೀ ಕ್ಯಾಪಿನ ಹೊಸ ಅವತಾರ: ಬೆಚ್ಚಗಿರುತ್ತದೆ, ಒತ್ತಿ ಹಿಡಿಯುತ್ತದೆ, ಆದರೆ ಕಾಲು ಪಕ್ಕಕ್ಕೆ ವಾಲುವುದನ್ನು ತಡೆಯುವ ಶಕ್ತಿ ಬಟ್ಟೆಗೆಲ್ಲಿ? ಸಾವಿರದೈನೂರಕ್ಕೆ ಎರಡೂ ಪಕ್ಕ ಲೋಹದ ಪಟ್ಟಿ, ನಡುವೆ ಕೀಲು. ನಾಲ್ಕು ಸಾವಿರದ ಇನ್ನೂರಕ್ಕೆ ಆ ಕೀಲಿನ ಮೇಲೊಂದು ಡಯಲು. ಮಂಡಿ ಎಷ್ಟು ಡಿಗ್ರಿ ಮಡಚಬೇಕು, ಎಷ್ಟು ನೀಡಬೇಕು ಎಂದು ಅದರಲ್ಲಿ ತಿರುಗಿಸಿ ಇಟ್ಟರೆ ಅದಕ್ಕಿಂತ ಆಚೆ ಹೋಗಲು ಬಿಡುವುದಿಲ್ಲ. ಇನ್ನೂ ಮೇಲೆ ಬೇಕೆಂದರೆ ಕಾರ್ಬನ್ ಫೈಬರಿನದು, ಆಟಗಾರರಿಗೆ ಅಳತೆ ಕೊಟ್ಟು ಮಾಡಿಸುವಂಥದ್ದು, ಮೂವತ್ತು ಸಾವಿರದ ಮೇಲೆ. ಫುಟ್‌ಬಾಲ್ ಮಾತು ಇನ್ನೂ ಕಿವಿಯಲ್ಲಿದ್ದುದರಿಂದ ನಾನು ಅದರ ಕಡೆ ನೋಡಿದೆ. ನಮ್ಮವರು ನನ್ನ ಕಡೆ ನೋಡಿದರು.

ಅಲ್ಲಿಯೇ ನನಗೆ ಒಂದು ಸತ್ಯ ಹೊಳೆಯಿತು. ಬ್ರೇಸಿನ ಬೆಲೆ ಮಂಡಿಗೆ ಸಂಬಂಧಿಸಿದ್ದಲ್ಲವೇ ಅಲ್ಲ, ನೋಡುವವರಿಗೆ ಸಂಬಂಧಿಸಿದ್ದು. ಮುನ್ನೂರರದು ಹಾಕಿಕೊಂಡರೆ “ವಯಸ್ಸಾಯ್ತು” ಎನ್ನುತ್ತಾರೆ. ಸಾವಿರದೈನೂರರದಕ್ಕೆ “ಜಾರಿ ಬಿದ್ರಾ?” ಡಯಲು ಇರುವುದಕ್ಕೆ ಮಾತ್ರ “ಏನಾಯ್ತು ಮೇಡಂ!” ಎಂದು ಎದ್ದು ನಿಂತು ಕೇಳುತ್ತಾರೆ. ಎಕ್ಸ್‌ರೇಯಲ್ಲಿ ಕಾಣದ ನೋವಿಗೆ ಸಾಕ್ಷಿ ಹೇಳಲು ಒಬ್ಬರು ಬೇಕಲ್ಲ.

ಅಂಗಡಿಯ ಹುಡುಗಿ ಪರದೆಯ ಹಿಂದೆ ಕರೆದೊಯ್ದು, ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಟೇಪು ಸುತ್ತಿದಳು. ಆ ಟೇಪು ನಮ್ಮಿಬ್ಬರ ನಡುವಿನ ಗುಟ್ಟೆಂದು ನಾನು ನಂಬಿದ್ದೆ. “ಅಣ್ಣಾ, ಎಕ್ಸ್‌ಎಲ್ ತೆಗೀರಿ, ಎಲ್ ಬರಲ್ಲ!” ಎಂದು ಅವಳು ಕೂಗಿದ್ದು ಆಯುರ್ವೇದ ಕಾಲೇಜು ಸರ್ಕಲ್ಲಿನವರೆಗೂ ಕೇಳಿಸಿರಬೇಕು. ಮೊಮ್ಮಗ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

ಡಬ್ಬದ ಮೇಲೆ ಎಂಆರ್‌ಪಿ ಆರು ಸಾವಿರಕ್ಕೂ ಮೇಲಿತ್ತು. ಚೌಕಾಶಿ ಮಾಡಿದ ತೃಪ್ತಿ ಗಂಡಂದಿರಿಗೆ ಸಿಗಲಿ ಎಂಬ ದೂರಾಲೋಚನೆಯಿಂದಲೇ ಅದನ್ನು ಹಾಗೆ ಅಚ್ಚು ಹಾಕುತ್ತಾರೆಂದು ಕಾಣುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿ 5 ಪರ್ಸೆಂಟ್. 2022ರ ಜುಲೈಗೆ ಮುಂಚೆ ಇಂಥ ಸಾಮಾನಿಗೆ 12 ಇತ್ತು. ಇಷ್ಟು ವರ್ಷ ತಡೆದು ಗುದ್ದಿದ ಹಸುವಿನ ಬಗ್ಗೆ ಮೊದಲ ಬಾರಿಗೆ ಗೌರವ ಮೂಡಿತು. 2023ರ ಜೂನಿನಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡದೆ ಓಡಾಡಿ ಉಳಿಸಿದ್ದನ್ನು ಮಂಡಿ ಒಂದೇ ಗುಟುಕಿಗೆ ಕುಡಿದುಬಿಟ್ಟಿತು, ಅದು ಬೇರೆ ಮಾತು.

“ಇನ್ಶೂರೆನ್ಸ್ ಇದೆಯಲ್ಲ” ಎಂದು ನಮ್ಮವರು ಬಿಲ್ಲುಗಳನ್ನೆಲ್ಲ ಪಿನ್ನು ಹೊಡೆದು ಕಳಿಸಿದರು. ಆಸ್ಪತ್ರೆಯ ದುಡ್ಡು ಬಂತು, ಬ್ರೇಸಿನದು ಬರಲಿಲ್ಲ. ಜೊತೆಗೆ ಪಾಲಿಸಿಯ ಅನುಬಂಧವನ್ನು ನೋಡಿ ಎಂಬ ಸೂಚನೆ. ಆ ಅನುಬಂಧವನ್ನು ನೀವೂ ಒಮ್ಮೆ ಓದಬೇಕು. ಆಸ್ಪತ್ರೆ ಖರ್ಚಿನಲ್ಲಿ ಕೊಡಲಾಗದ 68 ವಸ್ತುಗಳ ಪಟ್ಟಿ ಅದು, ಬಹುತೇಕ ಎಲ್ಲ ಕಂಪನಿಗಳಲ್ಲೂ ಒಂದೇ. ಶುರುವಾಗುವುದು ಶಿಶು ಆಹಾರದಿಂದ. ಸೌಂದರ್ಯ ಸೇವೆ ಇದೆ. ಮಂಡಿ ಮುರಿದಾಗ ಫೇಶಿಯಲ್ ಮಾಡಿಸಿಕೊಂಡು ಬಿಲ್ಲು ಕಳಿಸಿದ ಮಹಾತಾಯಿ ಯಾರೋ! ಕ್ಯಾರಿ ಬ್ಯಾಗು, ಮಿನರಲ್ ವಾಟರು, ಟಿವಿಯ ಶುಲ್ಕ, ಥರ್ಮಾಮೀಟರು, ಕಿಡ್ನಿ ಟ್ರೇ, ಶವಾಗಾರದ ಬಾಡಿಗೆ. ಮೇಲುಗಡೆಯೇ ‘ಬೆಲ್ಟ್, ಬ್ರೇಸ್’ ಎಂದು ಒಟ್ಟಾಗಿ ಹೊರಗಿಟ್ಟಿದ್ದಾರೆ. ಅಷ್ಟಕ್ಕೇ ಬಿಟ್ಟರೆ ಮಂಡಿಯವರು ನುಸುಳಿಬಿಟ್ಟಾರೆಂದು ಕೆಳಗೆ ಮತ್ತೊಮ್ಮೆ ಹೆಸರು ಹಿಡಿದು ಬರೆದಿದ್ದಾರೆ: ನೀ ಬ್ರೇಸ್, ಉದ್ದದ್ದು, ಗಿಡ್ಡದ್ದು, ಕೀಲಿನದು. ನನ್ನದು ಉದ್ದದ್ದೂ ಹೌದು, ಕೀಲಿನದೂ ಹೌದು. ಎರಡೆರಡು ಬಾಗಿಲಲ್ಲಿ ತಳ್ಳಿಸಿಕೊಂಡಿದ್ದೆ. ಒಳಗೆ ತೊಡುವ ಲೆಗ್ಗಿಂಗ್ಸ್ ಕೂಡ ಪಟ್ಟಿಯಲ್ಲಿತ್ತು. ಇಂಥದ್ದಕ್ಕೆಲ್ಲ ದುಡ್ಡು ಕೊಡುವ ಪೂರಕ ಪಾಲಿಸಿ ಈಗ ಇದೆ, ಬೇರೆ ಪ್ರೀಮಿಯಂ ಕಟ್ಟಬೇಕು ಎಂದು ಏಜೆಂಟರು ಆಮೇಲೆ ಹೇಳಿದರು. ಹಸು ಬರುವ ಹೊತ್ತು ಗೊತ್ತಿದ್ದರೆ ಕಟ್ಟಬಹುದಿತ್ತು.

ಇಷ್ಟೆಲ್ಲ ತೆತ್ತು ತಂದದ್ದನ್ನು ಕಟ್ಟಿಕೊಂಡು, ಮೇಲೆ ಸೀರೆ ಉಟ್ಟು ಕನ್ನಡಿ ನೋಡಿದರೆ, ಏನೂ ಕಾಣಿಸುತ್ತಿಲ್ಲ! ನಾಲ್ಕು ಸಾವಿರದ ಇನ್ನೂರು ರೂಪಾಯಿ ಸೀರೆಯೊಳಗೆ ಅಜ್ಞಾತವಾಸ ಮಾಡುತ್ತಿತ್ತು. ಬಸ್ಸಿನಲ್ಲಿ ಯಾರೂ ಸೀಟು ಬಿಡಲಿಲ್ಲ. ವೆಲ್ಕ್ರೋ ಮಾತ್ರ ಒಳಗಿನಿಂದ ಜರಿ ಅಂಚನ್ನು ಕಚ್ಚಿ ಹಿಡಿದು ನೂಲೆಳೆಯಿತು. ಮಾರನೇ ದಿನ ಚೂಡಿದಾರದ ಮೇಲೆ ಕಟ್ಟಿಕೊಂಡೆ. ಬಸ್ಸು ಇಬ್ಭಾಗವಾಯಿತು. ಕಿಟಕಿ ಪಕ್ಕದ ಸೀಟೇ ಸಿಕ್ಕಿತು, ಜೊತೆಗೆ “ಯಾವ ಆಸ್ಪತ್ರೆ?” ಎಂಬ ಪ್ರಶ್ನೆ. ಬ್ಯಾಂಕಿನಲ್ಲಿ ಮ್ಯಾನೇಜರು ಎದ್ದು ಬಂದು ವಿಚಾರಿಸಿದರು. ಸಭೆಯ ನಡುವೆ ಬೆಲ್ಟು ಸಡಿಲಿಸಲು ಹೋಗಿ ವೆಲ್ಕ್ರೋ ಚರ್‍ರೆಂದು ಹರಿದಂತೆ ಕೂಗಿದಾಗ, ಎನ್‌ಪಿಎ ಬಗ್ಗೆ ಮಾತಾಡುತ್ತಿದ್ದವರು ತಾವೇ ಮಾತು ನಿಲ್ಲಿಸಿ ಕ್ಷಮೆ ಕೇಳಿದರು.

ಫಿಸಿಯೋಥೆರಪಿಯ ಹುಡುಗ ಮಾತ್ರ ಬ್ರೇಸಿಗೆ ಸೊಪ್ಪು ಹಾಕಲಿಲ್ಲ. ಮಂಡಿಯ ಕೆಳಗೆ ಟವೆಲು ಸುತ್ತಿಟ್ಟು ಒತ್ತಿಸಿದ, ಕಾಲು ನೇರ ಎತ್ತಿಸಿದ. ತೊಡೆಯ ಸ್ನಾಯು ಗಟ್ಟಿಯಾದರೆ ಮುಂದೆ ಅದೇ ಮಂಡಿಯನ್ನು ಕಾಯುತ್ತೆ ಎಂದ. ಟವೆಲಿಗೆ ಡಯಲು ಇಲ್ಲವಾದ್ದರಿಂದ ಈ ಚಿಕಿತ್ಸೆಯನ್ನು ಮನೆಯಲ್ಲಿ ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

ವಾಸಿಯಾದ ಮೇಲೆ ಬ್ರೇಸನ್ನು ಯಾರೂ ವಾಪಸು ಕೊಳ್ಳುವುದಿಲ್ಲ. ಎರವಲು ಕೇಳುವವರು ಉಂಟು. ಅವರಿಗೆ ಕೊಡುವ ಮೊದಲೇ ಅತ್ತೆಯವರು ಅದನ್ನು ವಶಪಡಿಸಿಕೊಂಡರು. ಎಕ್ಸ್‌ಎಲ್ ಅವರ ಕಡ್ಡಿಕಾಲಿಗೆ ದೊಡ್ಡದು. ಒಳಗೆ ಟವೆಲು ಸುತ್ತಿಕೊಂಡು, ಸೀರೆಯ ಮೇಲೆಯೇ, ಎಲ್ಲರಿಗೂ ಕಾಣುವಂತೆ ಬಿಗಿಯುತ್ತಾರೆ. ನಾನು ಸೀರೆಯೊಳಗೆ ಹುದುಗಿಸಿ ನೂಲು ಕಿತ್ತುಕೊಂಡದ್ದು ಅವರ ದೃಷ್ಟಿಯಲ್ಲಿ ಶುದ್ಧ ಅವಿವೇಕ. ಬೆಳಿಗ್ಗೆ ಎದ್ದು ಹಳೆಯ ಮರ್ಫಿ ರೇಡಿಯೋದಲ್ಲಿ ಸ್ಟೇಷನ್ ಹುಡುಕುವಂತೆ ಡಯಲು ತಿರುಗಿಸಿ, “ಚಳಿ ಇದೆ, ಇವತ್ತು ಅರವತ್ತಕ್ಕೇ ಇರ್‍ಲಿ” ಎನ್ನುತ್ತಾರೆ. ಡಾಕ್ಟರನ್ನು ಕೇಳಿದೆ, ಹಾನಿಯೇನಿಲ್ಲ, ತೀರಾ ಬಿಗಿಯದಿದ್ದರೆ ಸಾಕು ಎಂದರು.

ಭಜನಾ ಮಂಡಳಿಯಲ್ಲಿ ಈಗ ಅತ್ತೆಯವರಿಗೆ ಕುರ್ಚಿ ಮೀಸಲು. ಮೊದಲ ವಾರ ಬೆಲೆ ಕೇಳಿದವರಿಗೆ ನಾಲ್ಕು ಸಾವಿರ ಎಂದಿದ್ದರು, ದಸರಾ ಹೊತ್ತಿಗೆ ಅದು ಏಳಾಗಿತ್ತು. ಮೊನ್ನೆ ಜಗಲಿಯಲ್ಲಿ ಯಾರಿಗೋ ಹೇಳುತ್ತಿದ್ದರು: “ಹನ್ನೆರಡು ಸಾವಿರ ಕೊಟ್ಟು ಸೊಸೆ ತಂದುಕೊಟ್ಲು. ಫುಟ್‌ಬಾಲ್ ಆಡೋರು ಹಾಕ್ಕೊಳ್ಳೋದು ಇದನ್ನೇ ಅಂತೆ.”