ವಾರಕ್ಕೊಂದು ಮೊಮ್ಮಗಳು

ಇಂಕ್‌ಜೆಟ್ ಪ್ರಿಂಟರು ಕೂದಲೆಳೆಗಿಂತ ಸಣ್ಣ ತೂತುಗಳಿಂದ ಕಾಗದದ ಮೇಲೆ ಶಾಯಿ ಹನಿಸುವ ಯಂತ್ರ. ಕೆಲವು ಕಂಪನಿಗಳು ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆಯೆಬ್ಬಿಸಿ ಹನಿಯನ್ನು ಹೊರದಬ್ಬಿಸುತ್ತವೆ. ಎಪ್ಸನ್‌ನವರು ಕಾಯಿಸುವುದಿಲ್ಲ, ವಿದ್ಯುತ್ತು ತಾಗಿದರೆ ಬಾಗುವ ಹರಳಿನಿಂದ ಹಿಂಡುತ್ತಾರೆ. ಯಾವುದೇ ಆಗಲಿ, ಬಳಸದೆ ಬಿಟ್ಟರೆ ತೂತಿನ ಬಾಯಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಅಮೃತಹಳ್ಳಿಯಲ್ಲಿ ಈ ದೋಷವನ್ನೇ ಗುಣ ಮಾಡಿಕೊಂಡ ಮನೆಗಳಿವೆ.

ಹೆಬ್ಬಾಳದಿಂದ ಯಲಹಂಕದತ್ತ ಹೋಗುವ ಬಳ್ಳಾರಿ ರಸ್ತೆಯ ಮಗ್ಗುಲಲ್ಲೇ ಅಮೃತಹಳ್ಳಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಇಲ್ಲಿನವರಿಗೆ ಮಕ್ಕಳನ್ನು ಅಮೆರಿಕಕ್ಕೆ ಕಳಿಸಿಕೊಡುವುದು ಸುಲಭವಾಯಿತು. ವಾಪಸ್ ಕರೆಸಿಕೊಳ್ಳುವ ಕಷ್ಟ ಮಾತ್ರ ಹಾಗೇ ಉಳಿಯಿತು. ಹಾಗಾಗಿ ನ್ಯೂಜೆರ್ಸಿಯ ಮೊಮ್ಮಗಳು ಇಲ್ಲಿಗೆ ಕಾಗದದ ಮೇಲೆ ಬರುತ್ತಾಳೆ.

ಪ್ರಿಂಟರು ಒಮ್ಮೊಮ್ಮೆ ಮಗನ ಸೂಟ್‌ಕೇಸಿನಲ್ಲೇ ಬಂದಿಳಿಯುವುದುಂಟು. ಅಮೆರಿಕದ ಕರೆಂಟು 120 ವೋಲ್ಟ್, ಇಲ್ಲಿನದು 230. ಯಂತ್ರದ ಬೆನ್ನಿನ ಚೀಟಿಯಲ್ಲಿ 100–240 ಎಂದಿದ್ದರೆ ಪ್ಲಗ್ಗು ಬದಲಿಸಿದರೆ ಸಾಕು. ಬರೀ 120 ಎಂದಿದ್ದರೆ ನೇರವಾಗಿ ಸಿಕ್ಕಿಸುವಂತಿಲ್ಲ, ಸಿಕ್ಕಿಸಿದರೆ ಮೊದಲು ಹೊರಬರುವುದು ಚಿತ್ರವಲ್ಲ, ಹೊಗೆ. ಅದನ್ನು ದಾಟಿದರೂ ಕಾರ್ಟ್ರಿಜ್ಜಿನ ಕಾಟ ಇದ್ದೇ ಇದೆ. ಕೆಲವು ಕಂಪನಿಗಳ ಯಂತ್ರ ತನ್ನ ಸೀಮೆಯ ಕಾರ್ಟ್ರಿಜ್ಜನ್ನು ಬಿಟ್ಟು ಬೇರೆಯದನ್ನು ಒಳಗೆ ಸೇರಿಸುವುದಿಲ್ಲ. ವೀಸಾ ಕೌಂಟರಿನ ನಿಷ್ಠುರ ಅದರದು. ಇಲ್ಲೇ ಸಿಗುವ ಇಂಕ್ ಟ್ಯಾಂಕ್ ಪ್ರಿಂಟರಿಗೆ ಮೊದಲು ದುಡ್ಡು ಹೆಚ್ಚು ಬಿದ್ದರೂ ಶಾಯಿ ಬಾಟಲಿಯಲ್ಲಿ ಬರುತ್ತದೆ, ಮುಗಿದಾಗ ಸುರಿದುಕೊಳ್ಳಬಹುದು. ತಿಂಗಳಿಗೆ ಒಂದೆರಡೇ ಫೋಟೊ ಬೇಕೆನ್ನುವವರು ಸ್ಟುಡಿಯೊಗೆ ಹೋಗುವುದೇ ಅಗ್ಗ.

ಬಾಟಲಿಯ ಡಬ್ಬದ ಮೇಲೆ ಬರೆದಿರುವ ‘ಸಾವಿರಾರು ಪುಟ’ ಸ್ಕೂಟರಿನ ಮೈಲೇಜಿನ ಜಾತಿಯದು. ಅದು ಮುಕ್ಕಾಲುಪಾಲು ಬೆಳ್ಳಗಿರುವ ಕಚೇರಿ ಕಾಗದದ ಲೆಕ್ಕ. ಫೋಟೊ ಅಂಚಿನಿಂದ ಅಂಚಿಗೆ ಶಾಯಿ ಕುಡಿಯುತ್ತದೆ, ಅದರಲ್ಲೂ ದಸರಾ ಗೊಂಬೆ ಕೂರಿಸಿದ ಚಿತ್ರ ಗಟಗಟನೆ ಕುಡಿಯುತ್ತದೆ. ಹಿಮದಲ್ಲಿ ನಿಂತ ಮಗುವಿನ ಚಿತ್ರಕ್ಕೆ ಅಷ್ಟು ಬೇಡ, ಹಿಮದ ಬಿಳುಪನ್ನು ಕಾಗದವೇ ಪುಕ್ಕಟೆ ಒದಗಿಸುತ್ತದೆ. ಕೈಹಿಡಿತದ ತಾತಂದಿರು ಜನವರಿಯ ಚಿತ್ರಗಳನ್ನು ವಿಶೇಷವಾಗಿ ಮೆಚ್ಚುವುದು ಈ ಕಾರಣಕ್ಕೆ.

ಕಾಗದ 4×6 ಇಂಚಿನ ಗ್ಲಾಸಿ, 200 ಜಿಎಸ್‌ಎಂ ದಾಟಿದ್ದರೆ ಒಳ್ಳೆಯದು. ಹೊಳೆಯುವ ಮೈ ಯಾವ ಕಡೆಗಿರಬೇಕೆಂಬುದು ಟ್ರೇಯನ್ನು ಅವಲಂಬಿಸಿದೆ. ತಿರುವುಮುರುವಾದರೆ ಶಾಯಿ ಹೀರಿಕೊಳ್ಳದೆ ಹಸಿಯಾಗಿಯೇ ಉಳಿದು, ಮೊಮ್ಮಗಳ ಕೆನ್ನೆ ಅಜ್ಜಿಯ ಹೆಬ್ಬೆರಳಿಗೆ ಬರುತ್ತದೆ. ಸೆಟ್ಟಿಂಗಿನಲ್ಲಿ ‘ಪ್ಲೇನ್ ಪೇಪರ್’ ಬದಲು ಫೋಟೊ ಪೇಪರ್ ಆರಿಸದಿದ್ದರೆ ಬಣ್ಣ ಕಂದುತ್ತದೆ, ಆಗ ‘ಮಗು ಬಡವಾಗಿದೆ’ ಎಂದು ಸೊಸೆಗೆ ಫೋನು ಹೋಗುತ್ತದೆ.

ಅಳತೆಯದು ಬೇರೆಯೇ ರಗಳೆ. ಮೊಬೈಲಿನ ಚಿತ್ರ ಸಾಮಾನ್ಯವಾಗಿ 4:3, ಕಾಗದ 3:2. ಆರಿಂಚು ಅಗಲ ತುಂಬಿಸಿದರೆ ಎತ್ತರ ನಾಲ್ಕೂವರೆ ಇಂಚಾಗಿ, ಅರ್ಧ ಇಂಚು ಹೊರಗುಳಿಯುತ್ತದೆ. ಗೃಹಪ್ರವೇಶದ ಗುಂಪು ಚಿತ್ರದಲ್ಲಿ ಅದು ಹಿಂದಿನ ಸಾಲಿನ ಎತ್ತರದವರ ಹಣೆ ಮತ್ತು ಮುಂದೆ ಕೂತ ಮಕ್ಕಳ ಪಾದ. ಬೀಗರ ಹಣೆ ಹೋದರೆ ಅದು ತಾಂತ್ರಿಕ ಕಾರಣವೆಂದು ಯಾರೂ ಒಪ್ಪುವುದಿಲ್ಲ. ವಾಟ್ಸ್ಯಾಪಿನಲ್ಲಿ ಮಾಮೂಲಾಗಿ ಕಳಿಸಿದ ಚಿತ್ರ ಕುಗ್ಗಿ ಬರುತ್ತದೆ. 4×6ಕ್ಕೆ ಅದು ಹೇಗೋ ಸಾಲುತ್ತದೆ, ಎ4ಗೆ ಹಿಗ್ಗಿಸಿದರೆ ಮಸುಕು. ಅಂಥದ್ದಕ್ಕೆ ‘ಡಾಕ್ಯುಮೆಂಟ್’ ಆಗಿ ಕಳಿಸುವಂತೆ ಹೇಳಬೇಕು.

ಇನ್ನು ಒಣಗುವ ವಿಚಾರ. ತೂತು ಕಟ್ಟಿದರೆ ಹೆಡ್ ಕ್ಲೀನಿಂಗ್ ಮಾಡಬಹುದು. ಆದರೆ ಅದಕ್ಕೆ ಹಿಂಡಿದ ಶಾಯಿಯೆಲ್ಲ ಯಂತ್ರದೊಳಗಿನ ಸ್ಪಂಜಿಗೆ ಸೇರುತ್ತದೆ. ಅದರ ಬದಲು ವಾರಕ್ಕೊಂದು ಬಣ್ಣದ ಚಿತ್ರ ತೆಗೆಯುವುದು ಲೇಸು. ಭಾನುವಾರ ಬೆಳಿಗ್ಗೆ ಎಂಟಕ್ಕೆ, ಅಂದರೆ ನ್ಯೂಜೆರ್ಸಿಯ ಶನಿವಾರ ರಾತ್ರಿ, ಅಜ್ಜಿಯ ಕರೆ ಹೋಗುತ್ತದೆ: “ನನಗೇನೂ ಆತುರ ಇಲ್ಲಪ್ಪ, ಮೆಷಿನ್ನು ಒಣಗತ್ತೆ ಅಷ್ಟೆ.” ಹಬ್ಬದ ಹೆಸರಿನಲ್ಲಿ ಕೇಳಿದರೆ ಮುಂದೂಡುವ ಮಗ, ಯಂತ್ರದ ಹೆಸರಿನಲ್ಲಿ ಕೇಳಿದರೆ ಐದು ನಿಮಿಷದಲ್ಲಿ ಕಳಿಸುತ್ತಾನೆ. ಇಂಜಿನಿಯರು.

ಬಂದ ಚಿತ್ರವನ್ನು ಗಾಜಿನ ಹಿಂದೆ, ಬಿಸಿಲು ಬೀಳದ ಗೋಡೆಗೆ ಹಾಕಿದರೆ ಬಣ್ಣ ಹೆಚ್ಚು ದಿನ ನಿಲ್ಲುತ್ತದೆ. ಬಿಸಿಲು ಬೀಳದ ಗೋಡೆಯಲ್ಲಿ ಮೊದಲೇ ಗಂಧದ ಹಾರ ಹೊತ್ತ ಮುತ್ತಾತ ಇರುವುದರಿಂದ ಪಕ್ಕದಲ್ಲಿ ಜಾಗವಿದ್ದರೂ ಮಗುವಿನ ಚಿತ್ರ ಹಾಕಗೊಡುವುದಿಲ್ಲ. ಅದು ಫ್ರಿಜ್ಜಿನ ಮೇಲೇರುತ್ತದೆ.

ವೀಸಾಕ್ಕೆ ಎರಡು ಇಂಚಿನ ಚೌಕ ಚಿತ್ರ ಬೇಕು; ಒಂದು 4×6 ಹಾಳೆಯಲ್ಲಿ ಸರಿಯಾಗಿ ಆರು ಹಿಡಿಯುತ್ತವೆ. ವೀಸಾ ಸಿಕ್ಕಿ ಅಜ್ಜಿ-ತಾತ ಆರು ತಿಂಗಳಿಗೆ ಹೊರಟರೆ ಪಕ್ಕದ ಮನೆಯವರಿಗೆ ಬೀಗದ ಕೈಯ ಜತೆ ಎರಡು ಕೆಲಸ: ದಿನಾ ತುಳಸಿಗೆ ನೀರು, ಭಾನುವಾರ ಅಲ್ಲಿಂದ ಬಂದ ಒಂದು ಫೋಟೊ. ವಾಪಸಾಗುವ ಹೊತ್ತಿಗೆ ಟ್ರೇಯಲ್ಲಿ 26 ಚಿತ್ರ. ಎಲ್ಲದರಲ್ಲೂ ಮೊಮ್ಮಗಳ ಹಿಂದೆ ಸ್ವೆಟರು ತೊಟ್ಟು ನಿಂತ ತಾತ, ಹಣೆಯಿಲ್ಲದೆ.