ಪ್ರೊಫೆಸರ್ ಸಾಹೇಬರೇ, ನ್ಯಾಮತಿಗೊಮ್ಮೆ ಬನ್ನಿ



‘ಮನಿ ಹೈಸ್ಟ್’ ಎಂಬ ನಿಮ್ಮ ಧಾರಾವಾಹಿಯಲ್ಲಿ ಪೊಲೀಸರಿಗೆ ನೀವು ಸೆರ್ಜಿಯೋ ಮಾರ್ಕಿನಾ, ತಂಡದವರಿಗೆ ಬರೀ ಪ್ರೊಫೆಸರ್. ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಕನ್ನಡಕ ಹಾಕಿಕೊಂಡು ಮೆಲ್ಲಗೆ ಮಾತಾಡುವವರನ್ನೆಲ್ಲ ಸಾಹೇಬರು ಎನ್ನುವುದು ವಾಡಿಕೆ, ಹಾಗಾಗಿ ನೀವೂ ಸಾಹೇಬರೇ. ನೀವು ಕಥೆಯೊಳಗಿನ ಮನುಷ್ಯರು, ಈ ಪತ್ರ ಹಾಕಲು ಪೆಟ್ಟಿಗೆಯಿಲ್ಲ ಎಂಬುದು ಗೊತ್ತು. ಆದರೂ ನೀವು ಕಾಣದ ಒಂದೂರಿನಲ್ಲಿ ನಿಮಗೊಬ್ಬ ಶಿಷ್ಯನಿದ್ದ ಎನ್ನುವುದನ್ನೂ, ಅವನ ಪರೀಕ್ಷೆ ಏನಾಯಿತು ಎನ್ನುವುದನ್ನೂ ನಿಮಗೆ ಯಾರಾದರೂ ತಿಳಿಸಬೇಕಲ್ಲ.

ಊರು ನ್ಯಾಮತಿ. ಮೊನ್ನೆಮೊನ್ನೆಯವರೆಗೆ ಹೊನ್ನಾಳಿ ತಾಲ್ಲೂಕಿನೊಳಗಿತ್ತು, ಈಗ ಅದೇ ಒಂದು ತಾಲ್ಲೂಕು. ತಹಶೀಲ್ದಾರರು ಬಂದರು, ಬೋರ್ಡುಗಳು ಬಂದವು. ಆದರೆ ದೇಶದ ಪತ್ರಿಕೆಗಳಲ್ಲೆಲ್ಲ ನ್ಯಾಮತಿಯ ಹೆಸರು ಅಚ್ಚಾಗಲು ನಿಮ್ಮ ಶಿಷ್ಯನೇ ಬೇಕಾಯಿತು. ಮದುರೈ ಸೀಮೆಯಿಂದ ಏಳುನೂರು ಕಿಲೋಮೀಟರ್ ಆಸುಪಾಸು ದಾರಿ ಸವೆಸಿ ಬಂದು ಇಲ್ಲಿ ಸಿಹಿತಿಂಡಿ, ಖಾರ ಮಾರುತ್ತಿದ್ದ ಕುಟುಂಬದವನು. ಮುಂದಿನದೆಲ್ಲ ಪೊಲೀಸರು ಹೇಳಿದ್ದು, ಕೊನೆಯ ಮಾತು ನ್ಯಾಯಾಲಯದ್ದು. ವ್ಯಾಪಾರ ಬೆಳೆಸಲು ಆತ ಬ್ಯಾಂಕಿನಲ್ಲಿ 15 ಲಕ್ಷ ಸಾಲ ಕೇಳಿದ, ಸಿಗಲಿಲ್ಲ. ಸಾಲ ಸಿಗದವನು ನಮ್ಮ ಕಡೆ ಮ್ಯಾನೇಜರನ್ನು ಬೈಯುತ್ತಾನೆ, ಎಮ್ಮೆಲ್ಲೆ ಮನೆಯ ಕಟ್ಟೆ ಕಾಯುತ್ತಾನೆ, ಕಡೆಗೆ ಸೋದರಮಾವನ ಹತ್ತಿರ ಬಡ್ಡಿಗೆ ತರುತ್ತಾನೆ. ಈತ ನಿಮ್ಮ ಧಾರಾವಾಹಿ ಹಚ್ಚಿಕೊಂಡು ಕೂತ. ಹದಿನೈದು ಸಲ ನೋಡಿದನಂತೆ. ಲಕ್ಷಕ್ಕೊಂದು ಸಲದ ಲೆಕ್ಕ. ಪಿಯುಸಿಯ ಫಿಸಿಕ್ಸನ್ನು ಯಾರೂ ಇಷ್ಟು ಸಲ ತಿರುವಿ ಹಾಕಿದ್ದು ನಮ್ಮ ತಾಲ್ಲೂಕಿನಲ್ಲಿ ನಾನು ಕೇಳಿಲ್ಲ.

ಒಂದು ಸಣ್ಣ ದೂರಿದೆ. ನೀವು ಸ್ಪ್ಯಾನಿಷ್ ಬಿಟ್ಟು ಹಿಂದಿ ಮಾತಾಡಿದಿರಿ, ತಮಿಳು ತೆಲುಗು ಮಾತಾಡಿದಿರಿ. ಕನ್ನಡಕ್ಕೆ ಮಾತ್ರ ನಿಮಗೆ ಬಾಯಿ ಬರಲಿಲ್ಲ. 1967ರಲ್ಲೇ ಲೋಕಸಭೆಯಲ್ಲಿ ಎದ್ದುನಿಂತು ಕನ್ನಡದಲ್ಲಿ ಮಾತಾಡಿದ ಜೆ.ಎಚ್. ಪಟೇಲರ ಕಾರಿಗನೂರು ಇಲ್ಲೇ ಚನ್ನಗಿರಿ ತಾಲ್ಲೂಕಿನಲ್ಲಿದೆ. ಅವರೇ ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಯನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ಬಿಡಿಸಿ ತಂದು ನಮ್ಮ ಜಿಲ್ಲೆ ಕಟ್ಟಿದರು. ಇಂಥವರ ಸೀಮೆಗೆ ಬರುವವರು ನಾಲ್ಕು ಮಾತು ಕಲಿತು ಬರಬೇಕಿತ್ತು. ಹಾಗೆಂದು ಬಹಳ ಒತ್ತಾಯಿಸುವುದಿಲ್ಲ. ಡಬ್ಬಿಂಗ್ ಆಗಿದ್ದರೆ ಶಿಷ್ಯರ ಸಂಖ್ಯೆ ಎಷ್ಟಾಗುತ್ತಿತ್ತೋ.

ಈಗ ಪ್ರಾಯೋಗಿಕ ಪರೀಕ್ಷೆಗೆ ಬರೋಣ. 2024ರ ಅಕ್ಟೋಬರ್ ಕೊನೆಯ ವಾರ. ನಾಲ್ಕನೇ ಶನಿವಾರ, ಭಾನುವಾರ ಎರಡೂ ರಜೆ. ಸೋಮವಾರ ಬೆಳಗ್ಗೆ ನ್ಯಾಮತಿಯ ಸ್ಟೇಟ್ ಬ್ಯಾಂಕಿನ ಬಾಗಿಲು ತೆಗೆದಾಗ ಕಿಟಕಿಯ ಸರಳು ಕಿತ್ತುಹೋಗಿತ್ತು, ಲಾಕರನ್ನು ಗ್ಯಾಸ್ ಕಟರ್‌ನಲ್ಲಿ ಕೊಯ್ಯಲಾಗಿತ್ತು, ಸಿಸಿಟಿವಿಯ ಡಿವಿಆರ್ ಮಾಯವಾಗಿತ್ತು, 17.7 ಕೆ.ಜಿ. ಚಿನ್ನ ಹೋಗಿತ್ತು. ಬೆಲೆ ಸುಮಾರು 13 ಕೋಟಿ. ಕಟರ್ ಹಿಡಿಯುವ ವಿದ್ಯೆಗೆ ಯೂಟ್ಯೂಬ್, ಯೋಜನೆಗೆ ನೀವು. ಆದರೆ ಪೊಲೀಸ್ ನಾಯಿಯ ಮೂಗು ಕಟ್ಟಲು ಶಿಷ್ಯ ನಂಬಿದ್ದು ಎರಡನ್ನೂ ಅಲ್ಲ, ಮೆಣಸಿನ ಪುಡಿಯನ್ನು. ಬ್ಯಾಂಕಿನೊಳಗೆಲ್ಲ ಖಾರದಪುಡಿ ಎರಚಿ ಹೋಗಿದ್ದರು. ನಿಮ್ಮ ತಂಡ ಸುರಂಗ ತೋಡಿತು, ನೀರೊಳಗೆ ಇಳಿಯಿತು, ಆದರೆ ಇಷ್ಟು ಅಗ್ಗದ ಉಪಾಯ ನಿಮಗೆ ಹೊಳೆದಿರಲಿಲ್ಲ ನೋಡಿ. ಇದರಲ್ಲಿ ಗುರುವನ್ನು ಮೀರಿಸಿದ ಎಂದು ಒಪ್ಪಲೇಬೇಕು.

ಇನ್ನು ಗುರುವಿನ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳದ ಕಡೆಗೆ ಬರುತ್ತೇನೆ. ನೀವು ಮೊದಲ ಸಲ ನುಗ್ಗಿದ್ದು ಸ್ಪೇನಿನ ಟಂಕಸಾಲೆಗೆ. ಯಾರ ಜೇಬಿನ ನೋಟನ್ನೂ ಮುಟ್ಟಲಿಲ್ಲ, ಹೊಸದಾಗಿ ಅಚ್ಚುಹಾಕಿಕೊಂಡು ಹೋದಿರಿ. ಇದು ಯಾರ ದುಡ್ಡೂ ಅಲ್ಲ ಎಂಬುದು ನಿಮ್ಮ ವಾದದ ಬೆನ್ನೆಲುಬು. ಎರಡನೇ ಸಲ ಹೋದದ್ದು ಸ್ಪೇನ್ ಬ್ಯಾಂಕಿನ ಚಿನ್ನಕ್ಕೆ. ಅದೂ ದೇಶದ ಗಟ್ಟಿ, ಅದರ ಮೇಲೆ ಯಾರ ಮನೆಯ ಹೆಸರೂ ಇರಲಿಲ್ಲ. ಜನ ನಿಮ್ಮ ಕಡೆಗಾದದ್ದು ಇದಕ್ಕೇ.

ನ್ಯಾಮತಿಯಲ್ಲಿ ಗಟ್ಟಿ ಎಲ್ಲಿಂದ ಬರಬೇಕು ಸಾಹೇಬರೇ? ಅಲ್ಲಿದ್ದದ್ದು ಅಡವಿನ ಒಡವೆ. ಅದು ಹೇಗೆ ಒಳಗೆ ಹೋಗುತ್ತದೆ ಎಂದು ಕೇಳಿ. ಮುಂಗಾರು ಹತ್ತಿರ ಬಂದಾಗ ಮೆಕ್ಕೆಜೋಳದ ಬೀಜ ಬೇಕು, ಗೊಬ್ಬರ ಬೇಕು, ಜೊತೆಗೆ ಮಗನ ಕಾಲೇಜಿನ ಫೀಸು ಬೇರೆ. ಹೆಂಡತಿ ಬೀರುವಿನ ಸೀರೆಗಳ ಅಡಿಯಿಂದ ಡಬ್ಬಿ ತೆಗೆಯುತ್ತಾಳೆ. ಬ್ಯಾಂಕಿನಲ್ಲಿ ಚಿನ್ನ ಪರೀಕ್ಷಿಸುವವರು ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ಕಲ್ಲಿನ ತೂಕ ಕಳೆದು, ಅರಗಿನ ತೂಕ ಕಳೆದು, ಕೊನೆಗೆ ಅವಳು ಎಣಿಸಿದ್ದಕ್ಕಿಂತ ಕಡಿಮೆ ಗ್ರಾಂ ಹೇಳುತ್ತಾರೆ. ಆ ಕ್ಷಣ ಅವಳು ಗಂಡನ ಮುಖ ನೋಡುವುದಿಲ್ಲ, ತಕ್ಕಡಿಯನ್ನೇ ನೋಡುತ್ತಾಳೆ. ಆಮೇಲೆ ಒಡವೆ ಪೊಟ್ಟಣಕ್ಕೆ ಹೋಗುತ್ತದೆ. ಪೊಟ್ಟಣದ ಮೇಲೆ ಹೆಸರು, ಖಾತೆ ನಂಬರು, ತೂಕ, ಸೀಲು. ಫಸಲು ಬಂದಮೇಲೆ ಬಿಡಿಸಿಕೊಳ್ಳುವುದು, ಮುಂದಿನ ಮುಂಗಾರಿಗೆ ಮತ್ತೆ ಇಡುವುದು. ನಮ್ಮ ಹೆಣ್ಣುಮಕ್ಕಳ ಎಷ್ಟೋ ಸರಗಳು ಕೊರಳಿಗಿಂತ ಹೆಚ್ಚು ಕಾಲ ಬ್ಯಾಂಕಿನಲ್ಲೇ ಇರುತ್ತವೆ. ನಿಮ್ಮ ಶಿಷ್ಯ ಮುಟ್ಟಿದ್ದು ಇದನ್ನು, ಅದೂ ದೀಪಾವಳಿ ಹತ್ತಿರ ಬಂದಾಗ. ಯಾರ ದುಡ್ಡೂ ಅಲ್ಲದ್ದನ್ನು ಹುಡುಕಲು ಹೇಳಿದ ಪಾಠವನ್ನು ಹದಿನೈದು ಸಲ ಕೇಳಿ, ಪ್ರತಿ ಪೊಟ್ಟಣದ ಮೇಲೂ ಹೆಸರು ಬರೆದಿದ್ದ ಕೋಣೆಗೆ ನುಗ್ಗಿದ.

ಬಹುಶಃ ತಪ್ಪು ಶಿಷ್ಯನದಷ್ಟೇ ಅಲ್ಲ. ನಿಮ್ಮ ಧಾರಾವಾಹಿಯಲ್ಲಿ ಕೆಂಪು ಅಂಗಿ ಎದ್ದು ಕಾಣುತ್ತದೆ, ಚಿತ್ರಕಾರ ಡಾಲಿಯ ಮುಖವಾಡ ಕಾಣುತ್ತದೆ, ಹಾಡು ಕಿವಿಗೆ ಬೀಳುತ್ತದೆ. ಚಿನ್ನ ಯಾರದ್ದು ಎಂಬ ಮಾತು ಬರುವ ಹೊತ್ತಿಗೆ ನೋಡುವವರು ಕಡ್ಲೆಕಾಯಿ ತರಲು ಎದ್ದು ಹೋಗಿರುತ್ತಾರೆ.

ನಿಮ್ಮ ಇನ್ನೊಂದು ನಿಯಮವೂ ಇಲ್ಲಿ ನಡೆಯುವಂಥದ್ದಲ್ಲ. ತಂಡದವರಿಗೆ ಟೋಕಿಯೋ, ಬರ್ಲಿನ್, ನೈರೋಬಿ ಎಂದು ಊರ ಹೆಸರಿಟ್ಟು ಗುರುತು ಮುಚ್ಚುತ್ತೀರಿ. ನಮ್ಮಲ್ಲಿ ಊರ ಹೆಸರೇ ಗುರುತು. ಹೊನ್ನಾಳಿ ಮಾವ, ಜಗಳೂರತ್ತೆ, ಚನ್ನಗಿರಿಯವರು ಬಂದಿದ್ದಾರೆ ಚಹಾ ಇಡು ಎನ್ನುತ್ತೇವೆ. ‘ಹೊನ್ನಾಳಿ’ ಎಂದು ಗುಟ್ಟಾಗಿ ಕರೆದರೆ ಯಾವ ಮನೆ, ಯಾರ ಮಗ, ಸೊಸೆ ಎಲ್ಲಿಯವಳು ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೂತವರು ಹೇಳಿಬಿಡುತ್ತಾರೆ. ಹೊರರಾಜ್ಯದ ದೊಡ್ಡ ಗ್ಯಾಂಗೇ ಇರಬೇಕೆಂದು ತಿಂಗಳುಗಟ್ಟಲೆ ಊರೂರು ಅಲೆದ ಪೊಲೀಸರು, 2025ರ ಮಾರ್ಚ್ ಕೊನೆಗೆ ಬಂದು ನಿಂತದ್ದು ನ್ಯಾಮತಿಯಲ್ಲೇ. ಸಿಕ್ಕಿಬಿದ್ದವರು ಆರು ಮಂದಿ. ಚಿನ್ನದ ಬಹುಪಾಲು ಮದುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಒಂದು ಬಾವಿಯ ತಳದಲ್ಲಿತ್ತು.

ನೀವು ಬಂದರೆ ಸುತ್ತಾಡಿಸುವ ಜವಾಬ್ದಾರಿ ನನ್ನದು. ಸ್ಪೇನ್ ಬ್ಯಾಂಕಿನ ಖಜಾನೆ ನೀರು ತುಂಬಿ ರಕ್ಷಿಸಿಕೊಳ್ಳುತ್ತದೆ ಎಂದು ಬೆರಗಾದಿರಲ್ಲ, ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನಲ್ಲಿ ಕೆಂಗ ಹನುಮಪ್ಪ ನಾಯಕ ಹದಿನಾರನೇ ಶತಮಾನದಲ್ಲೇ ಪುಷ್ಕರಣಿಯ ನೀರಿನ ನಟ್ಟನಡುವೆ ಮಂಟಪ ನಿಲ್ಲಿಸಿದ್ದಾನೆ. ಕದಿಯಲು ಏನೂ ಇಲ್ಲ, ಗಾಳಿ ಚೆನ್ನಾಗಿದೆ. ಅಲ್ಲಿಂದ ಸೂಳೆಕೆರೆ ದಾಟಿ ತೋಟದ ಕಡೆ ಹೋಗೋಣ. ವಿಮಾನಕ್ಕೂ ರೇಸ್ ಕಾರಿಗೂ ಬಳಸುವ ಕಾರ್ಬನ್ ಫೈಬರ್ ನಮ್ಮಲ್ಲಿ ಅಡಿಕೆ ಕೊಯ್ಯುವ ದೋಟಿಯಾಗಿದೆ. ಅರವತ್ತು ಎಪ್ಪತ್ತು ಅಡಿ ಉದ್ದ, ಒಳಗೊಳಗೇ ಸೇರುವ ಕೊಳವೆಗಳು. ಒಬ್ಬನೇ ನೆಲದ ಮೇಲೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ತುದಿಯ ಕತ್ತಿಯನ್ನು ಗೊನೆಯ ಬುಡಕ್ಕೆ ಸಿಕ್ಕಿಸಿ ಎಳೆಯುತ್ತಾನೆ. ಮೇಲೆ ಗಾಳಿಗೆ ಮರ ಒಂದು ಕಡೆ ತೂಗಿದರೆ ದೋಟಿ ಇನ್ನೊಂದು ಕಡೆ ಬಳುಕುತ್ತದೆ, ಎರಡೂ ಸೇರುವ ಗಳಿಗೆಗೆ ಅವನು ಉಸಿರು ಹಿಡಿದು ಕಾಯಬೇಕು. ಕರೆಂಟಿನ ತಂತಿ ಹತ್ತಿರ ಬಂದರೆ ಜೀವಕ್ಕೇ ಕುತ್ತು, ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಇದನ್ನೂ ಹುಡುಗರು ಯೂಟ್ಯೂಬ್ ನೋಡಿಯೇ ಕಲಿತದ್ದು. ತೋಟದ ಫಸಲನ್ನು ಮೊದಲೇ ಕೊಳ್ಳುವ ಖೇಣಿದಾರರು ಮೊಬೈಲಿನಲ್ಲಿ ಅಡಿಕೆ ಮಾರಾಟ ಸಂಘ ತುಮ್ಕೋಸಿನ ಧಾರಣೆ ನೋಡುವ ಏಕಾಗ್ರತೆಯ ಮುಂದೆ ನಿಮ್ಮ ಅಭಿಮಾನಿಗಳು ಏನೂ ಅಲ್ಲ.

ನ್ಯಾಮತಿಯಲ್ಲಿ ತೀರ್ಥರಾಮೇಶ್ವರ ನೋಡಿ, ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರಿಗೆ ಕೈಮುಗಿದು ಜಗಳೂರಿಗೆ ಬನ್ನಿ. ಅಡಿಕೆಯ ನೆರಳು ಮುಗಿದು ಬಿಸಿಲು ಶುರುವಾಗುತ್ತದೆ. ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇದೆ, ನಿಮಗಿಂತ ಚೆನ್ನಾಗಿ ತಲೆಮರೆಸಿಕೊಳ್ಳುತ್ತದೆ, ಕಂಡರೆ ನಿಮ್ಮ ಅದೃಷ್ಟ. ನಾನು ತೋರಿಸಬೇಕೆಂದಿರುವುದು ಪೈಪು. ನೀವು ಚಿನ್ನ ಕರಗಿಸಿ ಕಾಳು ಮಾಡಿ ಪೈಪಿನಲ್ಲಿ ಪಂಪು ಮಾಡಿದ್ದನ್ನು ನೋಡಿ ಲೋಕವೇ ಶಿಳ್ಳೆ ಹೊಡೆಯಿತು. ಇಲ್ಲಿ ತುಂಗಭದ್ರೆಯ ನೀರನ್ನೇ ಎತ್ತಿ ಪೈಪಿನಲ್ಲಿ 57 ಕೆರೆಗೆ ಕಳಿಸುವ ಯೋಜನೆ ಇದೆ. ಬರಗಾಲದ ತಾಲ್ಲೂಕಿನಲ್ಲಿ ಕೆರೆಗೆ ನೀರು ಬಿದ್ದಾಗ ಜನ ಬಾಗಿನ ಬಿಟ್ಟರು, ಸೆಲ್ಫಿ ತೆಗೆದರು, ಸ್ಟೇಟಸ್ಸಿಗೆ ಹಾಡು ಹಚ್ಚಿದರು. ಆ ಹಾಡು ನಿಮ್ಮದಲ್ಲ, ಬೇಸರ ಬೇಡ.

ಆಮೇಲೆ ಇನ್ನೊಂದು ಮಾತು. ನಿಮ್ಮ ಕಥೆ ಚಿನ್ನ ಸಿಕ್ಕಿದೊಡನೆ ಮುಗಿಯುತ್ತದೆ, ನಮ್ಮದು ಅಲ್ಲಿಂದ ಶುರು. ಬಾವಿಯಿಂದ ಮೇಲೆ ಬಂದದ್ದು ಒಡವೆಯಲ್ಲ, ಮುದ್ದೇಮಾಲು. ತೂಕ ಆಗಬೇಕು, ಪಂಚನಾಮೆ ಆಗಬೇಕು, ನ್ಯಾಯಾಲಯದ ಆದೇಶ ಆಗಬೇಕು. ಈ ಭಾಗವನ್ನು ಆರನೇ ಸೀಸನ್ ಮಾಡುವಿರಾದರೆ ನಾಯಕಿಯ ಪಾತ್ರಕ್ಕೆ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಡವಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕೌಂಟರಿನಿಂದ ಕೌಂಟರಿಗೆ ನಡೆಯುವ ಅಭಿನಯ ಅವರಿಗೆ ಯಾರೂ ಕಲಿಸಬೇಕಿಲ್ಲ.

ಬರುವಾಗ ಮುಖವಾಡ ತರಬೇಡಿ, ಈಗ ನ್ಯಾಮತಿಯಲ್ಲಿ ಅದನ್ನು ಮಕ್ಕಳ ಆಟಿಕೆಯೆಂದರೂ ಯಾರೂ ನಂಬುವುದಿಲ್ಲ. ಸಾಲವೇ ಬೇಕಿದ್ದರೆ ಆಧಾರ್, ಪಹಣಿ, ಎರಡು ಫೋಟೋ ತನ್ನಿ. ಜಾಮೀನಿಗೆ ಮಾತ್ರ ನನ್ನನ್ನು ಕೇಳಬೇಡಿ.

ಇಂತಿ,
ನಿಮ್ಮ ಐದೂ ಸೀಸನ್ ನೋಡಿಯೂ ಅಂಗಡಿ ಸಾಲ ಕಂತಿನಲ್ಲೇ ತೀರಿಸುತ್ತಿರುವ
ಹೊನ್ನಾಳಿಯ ಒಬ್ಬ ವೀಕ್ಷಕ