ಉತ್ತರದ ದೊರೆ

ವರ್ಷಕ್ಕೆ 500 ಮಿಲಿಮೀಟರ್ ಮಳೆಯನ್ನೂ ಕಾಣದ ಚಳ್ಳಕೆರೆ ಸೀಮೆಯಲ್ಲಿ, ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಉಳ್ಳಾರ್ತಿಯ ಹೊಂಗೆಮರವೊಂದರ ನೆರಳಿನಲ್ಲಿ ಕುಳಿತು, ಮೊಣಕಾಲುದ್ದ ಹಿಮದಲ್ಲಿ ಹೂತುಹೋದ ರಾಜಕುಮಾರಿಯ ವೃತ್ತಾಂತವನ್ನು ಕಂತುಕಂತಾಗಿ ಕೇಳಬೇಕಾಗಿ ಬಂದುದು ಯಾವ ಜನ್ಮದ ಪ್ರಾರಬ್ಧವೋ ನಾನರಿಯೆ. ಹೇಳುವಾತ ನನ್ನ ಸೋದರಳಿಯ. ಹಗಲೆಲ್ಲ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆಗಳ ಲೆಕ್ಕ ಬರೆದು, ರಾತ್ರಿ ಮೊಬೈಲಿನಲ್ಲಿ ಮಾಯಾಲೋಕದ ಪ್ರಣಯ ಧಾರಾವಾಹಿಯನ್ನು ಬರೆಯುವ ಈ ಸಾಧುಪ್ರಾಣಿ ಯಾರಿಗೂ ಕೇಡು ಬಯಸಿದವನಲ್ಲ. ಬರೆದುದನ್ನು ಓದಿ ಹೇಳುತ್ತಾನೆ, ಅಷ್ಟೆ.

ಈ ಜಾತಿಯ ಲೇಖಕರ ಸೃಷ್ಟಿಗೆ ವಿಧಿನಿಯಮಗಳುಂಟು. ನಾಯಕಿಗೆ ಮೊದಲನೆಯ ಪುಟದಲ್ಲಿಯೇ ಲಾರಿ ಢಿಕ್ಕಿ ಹೊಡೆಯಬೇಕು. ಆಕೆ ಸತ್ತು, ತಾನು ಓದುತ್ತಿದ್ದ ಕಾದಂಬರಿಯೊಳಗೇ ಖಳನಾಯಕಿಯಾಗಿ ಹುಟ್ಟಬೇಕು. ಇದು ಜಪಾನಿನಿಂದ ಬಂದ ಸಂಪ್ರದಾಯವಂತೆ. ಲಾರಿಯ ಢಿಕ್ಕಿಯಿಂದ ರಾಜಯೋಗವುಂಟಾಗುವುದಾದರೆ ಬಳ್ಳಾರಿ ರಸ್ತೆಯುದ್ದಕ್ಕೂ ಇಷ್ಟರಲ್ಲಿ ಒಂದು ಸಾಮ್ರಾಜ್ಯವೇ ಸ್ಥಾಪಿತವಾಗಿರಬೇಕಿತ್ತು. ಬಾಲ್ಯದ ಗೆಳೆಯ ಎಷ್ಟೇ ಗುಣವಂತನಾಗಿರಲಿ ಸೋಲಲೇಬೇಕು. ಛತ್ರದಲ್ಲಿ ಒಂದೇ ಮಂಚ ಉಳಿದಿರಬೇಕು. ಬಿಳಿಗಡ್ಡದ ಗುರು ರಹಸ್ಯವನ್ನು ಹೇಳಿ ಮುಗಿಸಿದ ಕೂಡಲೆ ಪ್ರಾಣ ಬಿಡಬೇಕು. “ಅವನು ಬದುಕಿದ್ರೆ ನಾಯಕನಿಗೆ ಕೆಲ್ಸ ಏನಿರುತ್ತೆ ಮಾವ?” ಎಂದು ಅಳಿಯ ಸಮಾಧಾನ ಹೇಳಿದನು.

ಇವೆಲ್ಲವನ್ನೂ ಸಹಿಸಿಯೇನು, ಸಹಿಸಲಾರದವನು ನಾಯಕ. ಅವನು ಉತ್ತರದ ಹಿಮರಾಜ್ಯದ ದೊರೆ. ಕಪ್ಪು ಕೂದಲು, ಕೆಂಪು ಕಣ್ಣು, ಶಿಲೆಯಂತಹ ಹೃದಯ. ಅವನು ನಕ್ಕುದನ್ನು ಕಂಡವರಿಲ್ಲ. ನೂರ ನಲವತ್ಮೂರನೆಯ ಕಂತಿನಲ್ಲಿ ನಾಯಕಿ ಚಳಿಯಿಂದ ನಡುಗುತ್ತಿರಲು, ಈ ಮಹಾಶಯನು ಭುಜದ ಮೇಲಿನ ಕರಿತೋಳದ ಚರ್ಮದ ನಿಲುವಂಗಿಯನ್ನು ತೆಗೆದು ಆಕೆಗೆ ಹೊದಿಸುವುದಕ್ಕೆ ಮೂರು ಪುಟ ತೆಗೆದುಕೊಂಡನು. ಹೊದಿಸಿದ ಮೇಲೆ ಮುಖ ತಿರುಗಿಸಿದನು. ತಿರುಗಿಸಿದ ಮುಖದ ಕಿವಿ ಕೆಂಪಾಯಿತು. ಬೆನ್ನಿನಲ್ಲಿ ಬೆವರು ಹರಿಯುತ್ತಿದ್ದ ನಾನು ತಾಳಲಾರದೆ, “ಅಯ್ಯಾ, ಚಳ್ಳಕೆರೆಯಲ್ಲಿ ಹುಟ್ಟಿದ ನಿನಗೆ ತೋಳದ ಚರ್ಮವೇ ಬೇಕಾಯಿತೆ? ಒಂದು ಕರಿಕಂಬಳಿ ಹೊದಿಸಿದ್ದರೆ ಆ ಹುಡುಗಿಗೆ ಚಳಿ ಬಿಡುತ್ತಿರಲಿಲ್ಲವೆ?” ಎಂದೆನು. ಅಳಿಯನು ಕನಿಕರದಿಂದ ನೋಡಿದನು. “ಕಂಬಳಿ ಚುಚ್ಚುತ್ತೆ ಮಾವ. ಅವಳು ರಾಜಕುಮಾರಿ.”

ಕನ್ನಡ ಮೇಷ್ಟರಾಗಿದ್ದವನ ನಾಲಗೆ ಸುಮ್ಮನಿರುವುದುಂಟೆ? ಹನ್ನೆರಡನೆಯ ಶತಮಾನದ ನೇಮಿಚಂದ್ರನು ‘ಲೀಲಾವತಿ’ಯಲ್ಲಿ ಕಂದರ್ಪನೆಂಬ ರಾಜಕುಮಾರನಿಗೆ ಕನಸಿನಲ್ಲಿ ಕನ್ಯೆಯನ್ನು ತೋರಿಸಿ, ಅದೇ ರೀತಿ ಕನ್ಯೆಗೂ ಕನಸಿನಲ್ಲಿ ಇವನನ್ನು ತೋರಿಸಿ, ಮಕರಂದನೆಂಬ ಗೆಳೆಯನೊಡನೆ ಹುಡುಕಾಟಕ್ಕೆ ಹೊರಡಿಸಿದನೆಂದೂ, ಅವನಿಗಿಂತ ಮುಂಚೆ ನಾಗವರ್ಮನು ಕನ್ನಡಕ್ಕೆ ತಂದ ಬಾಣನ ‘ಕಾದಂಬರಿ’ಯಲ್ಲಿ ಗಿಳಿಯೇ ಕಥೆ ಹೇಳುವುದೆಂದೂ, ಪ್ರಣಯಿಗಳು ಸತ್ತು ಮರಳಿ ಹುಟ್ಟುವರೆಂದೂ ಉಪನ್ಯಾಸ ಮಾಡಿದೆನು. ಅವನು ಗಮನವಿಟ್ಟು ಕೇಳಿ, “ಹಂಗಾದ್ರೆ ಲಾರಿ ಒಂದೇ ಹೊಸದು ಅನ್ನಿ” ಎಂದನು. ಉತ್ತರ ಹೊಳೆಯಲಿಲ್ಲ. ಅಲ್ಲದೆ, 1974ರಲ್ಲಿ ನಾನೇ ಬರೆದು ಪೆಟ್ಟಿಗೆಯ ತಳದಲ್ಲಿ ಹುದುಗಿಸಿಟ್ಟಿರುವ ಕಾದಂಬರಿಯೊಂದುಂಟು. ಅದರ ನಾಯಕಿ ಕ್ಷಯರೋಗದಿಂದ ಕೆಮ್ಮುತ್ತ ವೀಣೆ ನುಡಿಸುವಳು, ನಾಯಕನು ಮಳೆಯಲ್ಲಿ ನಿಂತು ಕೇಳುವನು. ಆ ಮಳೆಯೂ ಈ ಸೀಮೆಯದಲ್ಲ.

ಬಿಸಿಲಿಳಿದ ಮೇಲೆ ಕಾವಲಿನ ಕಡೆ ನಡೆದೆವು. ಮೈಸೂರರಸರ ಬೆಣ್ಣೆಚಾವಡಿಯ, ಆಮೇಲೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ ಇಲಾಖೆಯ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳ ಪೈಕಿ ಇದೂ ಒಂದು. 2010ರ ಆಸುಪಾಸಿನಲ್ಲಿ ಈ ಸೀಮೆಯ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನದ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಸಂದಿತು, ಗೋಡೆ ಎದ್ದಿತು. ನಮ್ಮ ಭಾವನವರು ಹರೆಯದಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಜಾಡು ಗೋಡೆಯ ಬುಡಕ್ಕೆ ಬಂದು ನಿಂತಿದೆ. ‘ಮೂರು ದಿಕ್ಕಿಗೆ ಹೋಗು ಮಗನೆ, ಉತ್ತರದಿಕ್ಕಿಗೆ ಮಾತ್ರ ಹೋಗಬೇಡ’ ಎಂದು ಅಜ್ಜಿಯ ಕಥೆಗಳಲ್ಲಿ ಬರುತ್ತಿದ್ದ ನಿಷಿದ್ಧದಿಕ್ಕು ಇಷ್ಟು ಸಮೀಪದಲ್ಲಿರುವಾಗ, ಹುಲಿಯೊಡನೆ ಹೋರಾಡಿದ ಗಾದರಿ ಪಾಲನಾಯಕನನ್ನು ಮ್ಯಾಸಬೇಡರು ಇಂದಿಗೂ ಹಾಡುತ್ತಿರುವಾಗ, ಹಿಮದ ದೊರೆಯೇಕೆ? ಇದನ್ನು ಬರೆಯಬಾರದೆ? ಎಂದು ಕೇಳಿದೆನು.

ಅವನು ಬಹಳ ಹೊತ್ತು ಗೋಡೆಯನ್ನೇ ನೋಡುತ್ತಿದ್ದನು. “ಬರೀಬೋದು ಮಾವ. ಆದ್ರೆ ಕಥೇಲಿ ಗೋಡೆ ಬಂತು ಅಂದ್ರೆ ಯಾವತ್ತಾದ್ರೂ ಬಾಗಿಲು ತೆಗೀಲೇಬೇಕು. ಓದೋರು ಕಾಯ್ತಿರ್ತಾರೆ. ಇದ್ರ ಬಾಗಿಲು ನಾನೆಲ್ಲಿಂದ ತರ್ಲಿ?”

ಹಿಂದಿರುಗುವಾಗ ಇಬ್ಬರೂ ಮಾತನಾಡಲಿಲ್ಲ.

ಮರುವಾರ ಮುಂದಿನ ಕಂತನ್ನು, ಕೇಳದೆಯೇ ನನಗೆ ಕಳುಹಿಸಿದನು. ಕೋಟೆಯ ಹೊರಗೆ, ಕಂಬಳಿ ಹೊದ್ದ ಮುದುಕನೊಬ್ಬ ಪ್ರತ್ಯಕ್ಷನಾಗಿದ್ದಾನೆ. ಕನ್ನಡಕವುಂಟು, ಕೇಳಿದವರಿಗೂ ಕೇಳದವರಿಗೂ ಹಳಗನ್ನಡದಲ್ಲಿ ಉಪದೇಶ ಮಾಡುವನು, ಗೋಡೆಯ ರಹಸ್ಯ ಅವನೊಬ್ಬನಿಗೆ ಗೊತ್ತು. ನೂರ ನಲವತ್ತೈದನೆಯದರಲ್ಲಿ ಅದನ್ನು ದೊರೆಯ ಕಿವಿಯಲ್ಲಿ ಹೇಳಿದನು. ನೂರ ನಲವತ್ತಾರರಲ್ಲಿ, ಸಕಲ ರಾಜಮರ್ಯಾದೆಗಳೊಡನೆ, ನನ್ನ ಅಂತ್ಯಕ್ರಿಯೆ ನೆರವೇರಿತು.